ಅಪ್ಸರೆಯರ ಬೆನ್ನು ಬಲ್ಲ ಸಮೂನ್ ದೊಡ್ಡಮ್ಮ

ಬೆಳಗಿನ ಆರು ಗಂಟೆ. ಸಿಯೆಮ್ ರೀಪ್ ಹೊಳೆಯ ಮೇಲಿನ ಮಂಜು ಇನ್ನೂ ಏಳುವ ಮನಸ್ಸು ಮಾಡಿಲ್ಲ. ‘ಬಿಳಿ ತಾವರೆ’ ಊಟದ ಮನೆಯ ಹಿತ್ತಿಲಲ್ಲಿ, ಎರಡು ಬಿದಿರು ಗಳಗಳ ಮೇಲೆ ಹದಿನಾಲ್ಕು ಮಖಮಲ್ ರವಿಕೆಗಳು ತೂಗುತ್ತಿವೆ. ಕೆಂಪು, ಹಸಿರು, ನೇರಳೆ, ತುದಿಗೊಂದು ಬಿಳಿ. ಒಳಗೆ ಯಾರೂ ಇಲ್ಲ, ಆದರೂ ಎದೆ, ಸೊಂಟ, ತೋಳುಗಳ ಆಕಾರ ಹಾಗೇ ಉಳಿದುಕೊಂಡಿದೆ. ನಿನ್ನೆ ಸಂಜೆ ಕುಣಿದ ಹುಡುಗಿಯರು ಬಟ್ಟೆಯನ್ನಷ್ಟೇ ಇಲ್ಲಿ ಬಿಟ್ಟು ಆಕಾಶಕ್ಕೆ ಹೋದರು ಎಂದು ಯಾರಾದರೂ ಹೇಳಿದರೆ, ಈ ಹೊತ್ತಿನಲ್ಲಿ ನಾನು ನಂಬಿಬಿಡುತ್ತೇನೆ.

ರವಿಕೆಗಳ ನಡುವೆ ಬರಿಗಾಲಲ್ಲಿ ಓಡಾಡುತ್ತಿರುವವರು ಯೆಮ್ ಸಮೂನ್. ವಯಸ್ಸು ಅರವತ್ತೆರಡು. ಬಾಯಲ್ಲಿ ಅಕ್ಕಿ ಸಾರಾಯಿ ತುಂಬಿಕೊಂಡು ಒಂದೊಂದು ರವಿಕೆಯ ಕಂಕುಳಿಗೂ ಫುರ್ ಎಂದು ಊದುತ್ತಾರೆ. ಜರಿ ಕುಸುರಿಯ ಈ ಮಖಮಲ್ಲಿಗೆ ನೀರು ಸೋಕಿಸುವಂತಿಲ್ಲ. ಬೆವರಿನ ವಾಸನೆ ಹೋಗಬೇಕಾದರೆ ಮೊದಲು ಸಾರಾಯಿ, ಆಮೇಲೆ ಎಳೆಬಿಸಿಲು.

“ಮೂವತ್ತು ವರ್ಷದಿಂದ ದಿನಾ ಬೆಳಿಗ್ಗೆ ಬಾಯಿ ತುಂಬಾ ಸಾರಾಯಿ” ಎನ್ನುತ್ತಾರೆ ಬಾಯಿ ಒರೆಸಿಕೊಳ್ಳುತ್ತ. “ಒಂದು ಗುಟುಕೂ ಗಂಟಲಿಗೆ ಇಳಿಸಿಲ್ಲ. ಪೇಪರ್‌ನಲ್ಲಿ ಇದನ್ನ ಹಾಕು, ಮೊದಲು ಇದನ್ನ ಹಾಕು. ನಮ್ಮ ಬೀದಿಯವರು ನನ್ನನ್ನ ಏನೇನೋ ಅಂದ್ಕೊಂಡಿದಾರೆ.”

ಈ ಊರಲ್ಲೇ ಹುಟ್ಟಿ ಬೆಳೆದ ನಾನು ಇಲ್ಲಿನ ಕುಣಿತ-ಊಟದ ಸಂಜೆಗಳನ್ನು ಅದೆಷ್ಟು ಸಲ ನೋಡಿದ್ದೇನೋ. ನಿಜ ಹೇಳಬೇಕೆಂದರೆ ಕುಣಿತಕ್ಕಿಂತ ಬಾಳೆಹಣ್ಣಿನ ಬಜ್ಜಿಯ ಆಸೆಗೇ ಹೆಚ್ಚು ಸಲ ಹೋಗಿದ್ದೇನೆ. ಪ್ರವಾಸಿಗರು ತಟ್ಟೆ ಹಿಡಿದು ಸಾಲುಗಟ್ಟುತ್ತಾರೆ, ಬಾಳೆಲೆಯ ಬಟ್ಟಲಲ್ಲಿ ಬೇಯಿಸಿದ ಮೀನಿಗೆ ಎರಡನೇ ಸಲ ಬರುತ್ತಾರೆ, ಅಷ್ಟರಲ್ಲಿ ದೀಪ ಮಂಕಾಗಿ ವೇದಿಕೆಯ ಮೇಲೆ ಅಪ್ಸರೆಯರು ಇಳಿಯುತ್ತಾರೆ. ಬಟ್ಟೆ ಅವರ ಮೈಗೆ ಚರ್ಮದ ಹಾಗೆ ಅಂಟಿರುತ್ತದೆ. ಅದು ಹೇಗೆ ಎಂದು ಇಷ್ಟು ವರ್ಷ ನಾನು ಯೋಚಿಸಿಯೇ ಇರಲಿಲ್ಲ. ನಾಚಿಕೆಯ ಮಾತು, ಆದರೂ ಒಪ್ಪಿಕೊಳ್ಳುತ್ತೇನೆ.

ಉತ್ತರ ಇರುವುದು ಸಮೂನ್ ದೊಡ್ಡಮ್ಮನ ಸೂಜಿಯಲ್ಲಿ. ಊರಿನ ಕಲಾವಿದರೆಲ್ಲ ಅವರನ್ನು ಕರೆಯುವುದು ಹಾಗೇ, ದೊಡ್ಡಮ್ಮ ಎಂದು. ಈ ರವಿಕೆಗಳಿಗೆ ಗುಂಡಿಯಿಲ್ಲ, ಕೊಕ್ಕೆಯಿಲ್ಲ. ಸಂಜೆ ನಾಲ್ಕಕ್ಕೆ ಹುಡುಗಿಯರು ಬಂದು ಅವರಿಗೆ ಬೆನ್ನು ಕೊಟ್ಟು ನಿಲ್ಲುತ್ತಾರೆ. ಅವರು ರವಿಕೆಯ ಎರಡು ಅಂಚು ಎಳೆದು, ಮೈಮೇಲೇ ಹೊಲಿದುಬಿಡುತ್ತಾರೆ. ಒಬ್ಬರಿಗೆ ಹನ್ನೆರಡು ನಿಮಿಷ, ಎಪ್ಪತ್ತರಿಂದ ಎಂಬತ್ತು ಹೊಲಿಗೆ. ಹದಿನಾಲ್ಕು ಮಂದಿ, ವಾರಕ್ಕೆ ಆರು ಸಂಜೆ. ಕುಣಿತ ಮುಗಿದ ಮೇಲೆ ಕತ್ತರಿಯಿಂದ ಬಿಡಿಸಿ, ಮರುದಿನ ಮತ್ತೆ ಮೊದಲಿನಿಂದ. ಹೊಲಿಸಿಕೊಂಡವರು ನೀರು ಕುಡಿಯುವಂತಿಲ್ಲ, ಯಾಕೆಂದು ಓದುಗರೇ ಊಹಿಸಿಕೊಳ್ಳಬಹುದು.

“ನನ್ನ ಮಗಳು ರಾಜಧಾನಿಯಲ್ಲಿ ಬಟ್ಟೆ ಕಾರ್ಖಾನೇಲಿದಾಳೆ. ದಿನಕ್ಕೆ ಐನೂರು ಪ್ಯಾಂಟಿಗೆ ಜೇಬು ಹೊಲೀತಾಳಂತೆ” ಎನ್ನುತ್ತಾರೆ. “ನಂದು ದಿನಕ್ಕೆ ಹದಿನಾಲ್ಕೇ. ಆದ್ರೆ ಅವಳ ಪ್ಯಾಂಟು ಉಸಿರಾಡಲ್ಲ ನೋಡು.”

ಕೆಲಸ ಕಲಿತದ್ದು ಗಡಿಯ ನಿರಾಶ್ರಿತರ ಶಿಬಿರದಲ್ಲಿ. ಅದಕ್ಕೂ ಹಿಂದೆ, ದೇಶವನ್ನೇ ಹಸಿವಿಗೂ ಸಾವಿಗೂ ತಳ್ಳಿದ ಆಡಳಿತದ ಮೂರು ವರ್ಷ ಎಂಟು ತಿಂಗಳು ಇಪ್ಪತ್ತು ದಿನಗಳ ಬಗ್ಗೆ ಕೇಳಿದರೆ “ಅದು ಇನ್ನೊಂದು ದಿನಕ್ಕಿರಲಿ” ಎಂದು ಸೂಜಿಗೆ ದಾರ ಹುಡುಕುತ್ತಾರೆ. ಶಿಬಿರಕ್ಕೆ ಬಂದಾಗ ಹದಿನೇಳು ವರ್ಷ, ಒಬ್ಬಂಟಿ. ಅರಮನೆಯಲ್ಲಿ ಕಲಿಸುತ್ತಿದ್ದ ವಯಸ್ಸಾದ ನೃತ್ಯದ ಗುರುಗಳೊಬ್ಬರು ಅಲ್ಲಿ ಬದುಕುಳಿದಿದ್ದರು. ಸೋಗೆ ಚಪ್ಪರದ ಕೆಳಗೆ ಹೆಣ್ಣುಮಕ್ಕಳನ್ನು ಸೇರಿಸಿ, ಬೆರಳು ಹಿಂದಕ್ಕೆ ಬಾಗಿಸುವುದನ್ನು ಕಲಿಸುತ್ತಿದ್ದರು. ಬೆರಳು ಬಾಗಿದವು, ಹೆಜ್ಜೆ ಕೂಡಿತು, ಉಡಲು ಬಟ್ಟೆಯಿರಲಿಲ್ಲ.

“ಇದ್ದದ್ದು ಅಕ್ಕಿ ಚೀಲ, ಇಲ್ಲಾಂದ್ರೆ ಮಾಡಿಗೆ ಹಾಕೋ ನೀಲಿ ಟಾರ್ಪಾಲು. ಟಾರ್ಪಾಲಿಗೆ ಗುಂಡಿ ಹಾಕಿದ್ರೆ ಅಲ್ಲೇ ಹರಿದು ಹೋಗುತ್ತೆ. ಅರಮನೇಲೂ ಮೈಮೇಲೇ ಹೊಲೀತಿದ್ರು, ನೀನೂ ಹಾಗೇ ಹೊಲಿ ಅಂದ್ರು ಗುರುಗಳು. ಮೈಗೆ ಚುಚ್ಚಿಬಿಟ್ರೆ ಅಂದೆ. ಹೊಲಿ, ಚರ್ಮ ಒಂದು ಬಿಟ್ಟು ಅಂದ್ರು.” ದೊಡ್ಡಮ್ಮ ನಗುತ್ತಾರೆ. “ಮೊದಲನೇ ಅಪ್ಸರೆ ನೀಲಿ ಟಾರ್ಪಾಲಲ್ಲಿ ಕುಣಿದಳು. ಒಂದೊಂದು ಹೆಜ್ಜೆಗೂ ಚರಪರ ಅಂತ ಸದ್ದು. ಜನ ಅಳ್ತಾ ಇದ್ರು.”

ಆಗಿನಿಂದ ಒಂದು ನಿಯಮ ನಡೆದುಬಂದಿದೆ. ಹೊಲಿಸಿಕೊಳ್ಳುವವರು ದಾರದ ತುಂಡೊಂದನ್ನು ಹಲ್ಲಿನ ನಡುವೆ ಕಚ್ಚಿಕೊಂಡಿರಬೇಕು. ಮಾತಾಡಿದರೆ ಬೆನ್ನು ಅಲುಗುತ್ತದೆ, ಸೂಜಿ ದಾರಿ ತಪ್ಪುತ್ತದೆ. ಮಾತೆಲ್ಲ ದೊಡ್ಡಮ್ಮನದೇ. ಪೇಟೆಯ ಗಾಳಿಸುದ್ದಿ, ಮಳೆ, ಯಾರದೋ ಮದುವೆ, ಎಲ್ಲವೂ ಸೂಜಿಯ ಜೊತೆ ಮೇಲಿನಿಂದ ಕೆಳಗೆ ಇಳಿಯುತ್ತವೆ.

ಬಿಳಿ ಉಡುಪಿನ ಪ್ರಧಾನ ಅಪ್ಸರೆಯಾಗಿ ಏಳು ವರ್ಷದಿಂದ ಕುಣಿಯುತ್ತಿರುವ ಕನಿಕಾಗೆ ಆ ಹನ್ನೆರಡು ನಿಮಿಷವೇ ದಿನದ ಸಾರ. “ಮನೇಲಿ ಮಗು ಅಳಿಸಿ, ಸ್ಕೂಟರಲ್ಲಿ ಧೂಳು ಕುಡ್ಕೊಂಡು ಬಂದಿರ್ತೀನಿ ಅಣ್ಣಾ. ದಾರ ಕಚ್ಚಿ ನಿಂತ್ಕೊಂಡ್ರೆ ದೊಡ್ಡಮ್ಮನ ಧ್ವನಿ ದೂರ ದೂರ ಹೋಗುತ್ತೆ. ಕೊನೇ ಗಂಟು ಹಾಕೋ ಹೊತ್ತಿಗೆ ಸ್ಕೂಟರಲ್ಲಿ ಬಂದೋಳು ಎಲ್ಲಿ ಹೋದ್ಲೋ ನನಗೇ ಗೊತ್ತಿರಲ್ಲ.”

ಇಂಥ ಸಂಜೆಗಳ ಮೇಲೆ ಈಗ ಮಂಜು ಕವಿದಿದೆ. ಮಂಜು ಇರುವುದು ದೊಡ್ಡಮ್ಮನ ಕಣ್ಣಲ್ಲಿ. ಎರಡು ಕಣ್ಣಿಗೂ ಪೊರೆ ಬೆಳೆದು ಎರಡು ವರ್ಷವಾಯಿತು. ಅವರು ಯಾರಿಗೂ ಹೇಳಿರಲಿಲ್ಲ, ಬೆರಳಿನಿಂದಲೇ ಅಂಚು ಹುಡುಕಿ ಹೊಲಿಯುತ್ತಿದ್ದರು. ಹುಡುಗಿಯರಿಗೆ ಗೊತ್ತಿತ್ತು. ಸೂಜಿ ಸರಿಯಾದ ಜಾಗಕ್ಕೆ ಬಂದಾಗ ಉಸಿರು ಬಿಗಿಹಿಡಿದು ಸುಳಿವು ಕೊಡುತ್ತಿದ್ದರು. ಬಾಯಲ್ಲಿ ದಾರ, ಇನ್ನು ಹೇಳುವುದಾದರೂ ಹೇಗೆ?

ಗುಟ್ಟು ರಟ್ಟಾದದ್ದು ಹೋದ ತಿಂಗಳು. ಅಂದು ಮಳೆ ಜಡಿದು ಬಣ್ಣದ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕನಿಕಾಳ ಪಕ್ಕಕ್ಕೇ ನಿಮೋಲ್ ಎಂಬ ಹುಡುಗಿ ಒತ್ತಿಕೊಂಡು ನಿಂತಿದ್ದಳು. ದೊಡ್ಡಮ್ಮ ಕನಿಕಾಳ ಸೊಂಟದ ಅಂಚಿಗೆ ನಿಮೋಲ್‌ಳ ಹೆಗಲಿಂದ ಸೊಂಟಕ್ಕೆ ಇಳಿಬಿದ್ದ ಸೆರಗನ್ನು ಸೇರಿಸಿ ಇಪ್ಪತ್ತು ಹೊಲಿಗೆ ಹಾಕಿಬಿಟ್ಟರು. ಗೊತ್ತಾದದ್ದು ತೆರೆಯ ಹಿಂದೆ, ಬಿದಿರು ತರಂಗ ನುಡಿಯಲು ಶುರುವಾದ ಮೇಲೆ. ಬಿಡಿಸಲು ಹೊತ್ತೆಲ್ಲಿ? ಹೂವೆರಚಿ ಹರಸುವ ಆ ಮೊದಲ ಕುಣಿತವನ್ನು ಇಬ್ಬರೂ ಸೊಂಟಕ್ಕೆ ಸೊಂಟ ಅಂಟಿಸಿಕೊಂಡೇ ಕುಣಿದರು. ಒಬ್ಬಳು ಎಡಕ್ಕೆ ತಿರುಗಿದರೆ ಇನ್ನೊಬ್ಬಳು ಹಿಂದೆ ತೇಲಿಕೊಂಡು ಹೋಗುತ್ತಿದ್ದಳು. ಪ್ರವಾಸಿಗರು ಚಮಚ ಕೆಳಗಿಟ್ಟು, ಎದ್ದು ನಿಂತು ಚಪ್ಪಾಳೆ ತಟ್ಟಿದರು.

“ಈಗಲೂ ಕೇಳ್ತಾರೆ, ಆ ಜೋಡಿ ಅಪ್ಸರೆ ಕುಣಿತ ಇವತ್ತಿಲ್ವಾ ಅಂತ” ಎಂದು ನಿಮೋಲ್ ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ. ದೊಡ್ಡಮ್ಮ ನಗುವುದಿಲ್ಲ. ಅವರಿಗೆ ಅದು ಜೀವ ಬಾಯಿಗೆ ಬಂದ ಸಂಜೆ.

ಊಟದ ಮನೆಯ ಯಜಮಾನಿ ಕಿಮ್‌ಲಾಂಗ್ ಕೆಟ್ಟವರಲ್ಲ. ಮರುದಿನವೇ ದೊಡ್ಡಮ್ಮನನ್ನು ಕಣ್ಣಿನ ವೈದ್ಯರ ಬಳಿ ಕರೆದುಕೊಂಡು ಹೋದದ್ದು ಅವರೇ. ಪೊರೆ ತೆಗೆದರೆ ಕಣ್ಣು ಬರುತ್ತದೆ, ಆದರೆ ಒಂದು ತಿಂಗಳು ಸೂಜಿ ಮುಟ್ಟುವಂತಿಲ್ಲ ಎಂದರು ವೈದ್ಯರು. ಯಜಮಾನಿ ಒಂದು ತಿಂಗಳಿಗೇನು ಗತಿ ಎಂದು ಲೆಕ್ಕಹಾಕಿ, ಜಿಪ್ ಹಾಕಿದ ಮೂರು ರವಿಕೆ ಮಾದರಿಗೆ ತರಿಸಿದರು. ತೊಡಲು ಅರ್ಧ ನಿಮಿಷ ಸಾಕು.

“ಹದಿನಾಲ್ಕಕ್ಕೂ ಜಿಪ್ ಹಾಕಿಸಿದ್ಮೇಲೆ ಮತ್ತೆ ಕಿತ್ತು ಹಾಕೋಕಾಗುತ್ತಾ? ನೀವೇ ಹೇಳಿ” ಎಂದು ಅವರು ನನ್ನನ್ನೇ ಕೇಳುತ್ತಾರೆ.  ದೊಡ್ಡಮ್ಮ ಶಸ್ತ್ರಚಿಕಿತ್ಸೆಯ ದಿನವನ್ನು ಎರಡು ಸಲ ಮುಂದೂಡಿದ್ದಾರೆ. “ಕಣ್ಣು ಬಂದು ಏನು ನೋಡ್ಲಿ? ಜಿಪ್ಪಾ?” ಎಂಬುದು ಅವರ ಪ್ರಶ್ನೆ. ಮೂರನೇ ದಿನಾಂಕ ಈ ಶನಿವಾರ. ಇನ್ನೂ ತಡಮಾಡಿದರೆ ಆಸೆ ಬಿಡಿ ಎಂದಿದ್ದಾರೆ ವೈದ್ಯರು.

ನಾನು ಹೋದದ್ದು ಗುರುವಾರ, ಗುರುಗಳ ದಿನ. ಗುರುಗಳೆಂದೇ ಪೂಜಿಸುವ ಕುಣಿತದ ಮುಖವಾಡಗಳ ಮುಂದೆ ಬಾಳೆಹಣ್ಣು, ಊದುಬತ್ತಿ, ಮೇಣದ ಬತ್ತಿ ಇಟ್ಟು ಕೈಮುಗಿದ ಮೇಲೆ ಹುಡುಗಿಯರು ಯಜಮಾನಿಯ ಮುಂದೆ ಹೋಗಿ ನಿಂತರು. ಮಾತಾಡಿದವಳು ಕನಿಕಾ.

“ಇವತ್ತು ನಾವೇ ಒಬ್ಬರಿಗೊಬ್ಬರು ಹೊಲ್ಕೊಳ್ತೀವಿ ಅಕ್ಕಾ. ಏಳೂ ಕಾಲಿಗೆ ಹದಿನಾಲ್ಕೂ ಮಂದಿ ತಯಾರಿರ್ತೀವಿ. ಕೊನೇ ಕುಣಿತ ಮುಗಿಯೋವರೆಗೆ ಒಂದೇ ಒಂದು ಹೊಲಿಗೆ ಬಿಟ್ಟರೂ ನಾಳೆಯಿಂದ ಜಿಪ್ ಹಾಕ್ಸಿ. ಬಿಡಲಿಲ್ಲಾಂದ್ರೆ ದೊಡ್ಡಮ್ಮ ವಾಪಸ್ ಬರೋವರೆಗೆ ನಾವೇ ನೋಡ್ಕೊಳ್ತೀವಿ.”

“ನಿಮಗೆ ಬಟನ್ ಹಾಕೋಕೆ ಬರಲ್ಲ, ರವಿಕೆ ಹೊಲೀತೀರಾ?” ಎಂದರು ಯಜಮಾನಿ. ಆದರೂ ಒಪ್ಪಿದರು. ಒಂದು ಷರತ್ತು ಅವರದೂ ಇತ್ತು. ದೊಡ್ಡಮ್ಮ ಕೈಯಾಡಿಸಬಾರದು.

ನಾಲ್ಕು ಗಂಟೆಯಿಂದ ದೊಡ್ಡಮ್ಮ ಬಣ್ಣದ ಕೋಣೆಯ ಮೂಲೆಯಲ್ಲಿ ಕುರ್ಚಿ ಹಾಕಿ ಕೂತಿದ್ದಾರೆ. ಎರಡು ಕೈಯೂ ತೊಡೆಯ ಕೆಳಗೆ. ಕೋಣೆಯ ತುಂಬ ಊದುಬತ್ತಿಯ ಹೊಗೆ, ಸಂಪಿಗೆಯ ಕಂಪು. ಬೆನ್ನುಗಳ ಸಾಲು, ಒಂದು ಬೆನ್ನಿನ ಮೇಲೆ ಇನ್ನೊಂದು ಕೈ. ಎಲ್ಲರ ಬಾಯಲ್ಲೂ ದಾರವಿರುವುದರಿಂದ ಮೊದಲ ಸಲ ಆ ಕೋಣೆ ಪೂರ್ತಿ ಮೌನವಾಗಿದೆ. ಅದನ್ನು ತಡೆದುಕೊಳ್ಳಲು ಆಗದೆ ದೊಡ್ಡಮ್ಮನೇ ಪೇಟೆಯ ಸುದ್ದಿ ಶುರುಮಾಡುತ್ತಾರೆ. ಬೆನ್ನುಗಳು ಒಂದೊಂದಾಗಿ ಸಡಿಲವಾಗುವುದು ನನ್ನ ಕಣ್ಣಿಗೇ ಕಾಣುತ್ತದೆ.

ಹನುಮಂತನ ವೇಷದ ಸಂಬಾತ್ ಒಳಗಿಣುಕಿ, “ದೊಡ್ಡಮ್ಮಾ, ನನ್ನ ಬಾಲ ಯಾರು ಹೊಲೀತಾರೆ?” ಎನ್ನುತ್ತಾನೆ. “ಹೋಗೋ, ಇವತ್ತು ನೀನೇ ಹಿಡ್ಕೊಂಡು ಕುಣಿ” ಎಂದು ಬೈಸಿಕೊಂಡು ಹೋಗುತ್ತಾನೆ.

ಏಳು ಹತ್ತಕ್ಕೆ ಹದಿಮೂರು ಮುಗಿಯಿತು. ಉಳಿದದ್ದು ಬಿಳಿ ಉಡುಪಿನ ಕನಿಕಾ. ಹೊಲಿಯುತ್ತಿರುವವಳು ನಿಮೋಲ್, ಬೆರಳೆಲ್ಲ ಚುಚ್ಚಿಕೊಂಡಿದ್ದಾಳೆ. ಕೊನೆಯ ಗಂಟು ಬಿದ್ದಾಗ ಏಳೂ ಹದಿನಾಲ್ಕು. ಬಾಗಿಲಲ್ಲಿ ಗಡಿಯಾರ ನೋಡುತ್ತ ನಿಂತಿದ್ದ ಯಜಮಾನಿ ದೊಡ್ಡಮ್ಮನ ತೋಳು ಹಿಡಿದು, ವೇದಿಕೆಯ ಎದುರಿನ ಮೇಜಿಗೆ ಕರೆತಂದು ಕೂರಿಸಿದರು. ಮುಂದೆ ಒಂದು ತಟ್ಟೆ ಊಟವನ್ನೂ ಇಟ್ಟರು.

ಇಷ್ಟು ವರ್ಷದಲ್ಲಿ ಅವರು ಈ ಕಡೆ ಕೂತದ್ದು ಇದೇ ಮೊದಲು. ಕುಣಿತದ ಹೊತ್ತಿನಲ್ಲಿ ಮುಂದಿನವರ ಸೆರಗು ಸರಿಮಾಡುತ್ತ ತೆರೆಯ ಹಿಂದೆಯೇ ಇರುತ್ತಿದ್ದರು. ಈಗ ಎದುರಿಗೆ ಬಂದಿದ್ದಾರೆ, ಕಣ್ಣಿಗೆ ಕಾಣುವುದು ಬೆಳಕಿನ ಉಂಡೆಗಳು ಮಾತ್ರ.  ಅವರಿಗೆ ಅದರ ಚಿಂತೆಯಿಲ್ಲ.

“ಹೊಲಿಗೆ ಹಿಡಿದಿದ್ಯಾ?” ನನ್ನ ಮೊಣಕೈ ಹಿಂಡುತ್ತಾರೆ.

“ಬೆನ್ನು ಕಾಣ್ತಿಲ್ಲ ದೊಡ್ಡಮ್ಮ. ನಾವು ಮುಂದಿಂದ ನೋಡ್ತಿದೀವಿ.”

“ಮುಂದೇನಿದೆ ನೋಡೋಕೆ?”

ಹರಸುವ ಕುಣಿತ ಮುಗಿಯಿತು. ತೆಂಗಿನ ಚಿಪ್ಪಿನ ಕುಣಿತ ಮುಗಿಯಿತು. ಹನುಮಂತ ಚಿನ್ನದ ಮತ್ಸ್ಯಕನ್ಯೆಯನ್ನು ಹಿಂಬಾಲಿಸಿ, ಬಾಲ ಜೋತುಬಿದ್ದು, ಎಲ್ಲರನ್ನೂ ನಗಿಸಿ ಹೋದ. ದೊಡ್ಡಮ್ಮನ ತಟ್ಟೆಯಲ್ಲಿ ಮೀನು ತಣ್ಣಗಾಗಿದೆ. ಕೊನೆಗೆ ಕನಿಕಾ ಬಂದಳು. ಅಷ್ಟು ನಿಧಾನವಾಗಿ ಬಂದಳೆಂದರೆ, ಬಂದದ್ದು ಯಾವಾಗ ಎಂದು ಯಾರೂ ಹೇಳಲಾರರು. ಅಂಗೈ ಅರಳಿತು, ಬೆರಳು ಹಿಂದಕ್ಕೆ ಬಾಗಿತು. ಅಪ್ಸರೆ ಹಾರುವ ಭಂಗಿ ಬಂದಾಗ ಒಂದು ಮಂಡಿಯೂರಿ, ಇನ್ನೊಂದು ಪಾದವನ್ನು ಬೆನ್ನ ಹಿಂದೆ ಆಕಾಶಕ್ಕೆತ್ತಿ ನಿಂತುಬಿಟ್ಟಳು. ಸೊಂಟದ ಹೊಲಿಗೆಗೆ ಎಲ್ಲಕ್ಕಿಂತ ಹೆಚ್ಚು ಜಗ್ಗು ಬೀಳುವುದು ಅಲ್ಲೇ. ಊಟದ ಮನೆಯಲ್ಲಿ ಒಂದು ಚಮಚದ ಸದ್ದೂ ಇಲ್ಲ. ದೊಡ್ಡಮ್ಮ ಕಣ್ಣು ಮುಚ್ಚಿ, ತಲೆ ವಾರೆಮಾಡಿ ಕಿವಿಗೊಟ್ಟಿದ್ದಾರೆ. ದಾರ ಹರಿದರೆ ಅವರಿಗೆ ಕೇಳಿಸುತ್ತದೆ.

ಕನಿಕಾ ಪಾದ ಕೆಳಗಿಟ್ಟಳು. ನಿಧಾನವಾಗಿ ಒಂದು ಸುತ್ತು ತಿರುಗಿ ನಮಗೆ ಬೆನ್ನು ತೋರಿದಳು. ಕುಣಿತದಲ್ಲಿ ಆ ಸುತ್ತು ಇಲ್ಲ ಎಂದು ಆಮೇಲೆ ಗೊತ್ತಾಯಿತು.

“ಹಿಡಿದಿದೆ ದೊಡ್ಡಮ್ಮ” ಎಂದೆ. “ಎಲ್ಲಾ ಹಿಡಿದಿದೆ.”

ಅವರು ಕಣ್ಣು ತೆರೆದರು. ತಟ್ಟೆ ಹತ್ತಿರಕ್ಕೆ ಎಳೆದುಕೊಂಡು, ತಣ್ಣಗಾದ ಮೀನನ್ನು ಪೂರ್ತಿ ತಿಂದರು. ಯಜಮಾನಿ ಬಂದು ಮೂರು ಜಿಪ್ ರವಿಕೆಗಳನ್ನು ಬೀರುವಿಗೆ ಸೇರಿಸಿದ್ದಾಗಿ ತಿಳಿಸಿದರು. “ಶನಿವಾರ ಬೆಳಿಗ್ಗೆ ಗಾಡಿ ಕಳಿಸ್ತೀನಿ. ಈ ಸಲ ತಪ್ಪಿಸ್ಕೊಂಡ್ರೆ ನಿಮ್ಮನ್ನೇ ಜಿಪ್ ಹಾಕಿ ಕೂರಿಸ್ತೀನಿ” ಎಂದರು. ದೊಡ್ಡಮ್ಮ ಬರುತ್ತೇನೆಂದು ತಲೆಯಾಡಿಸಿದರು.

ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಮೊದಲು ಏನು ನೋಡಬೇಕೆಂದಿದ್ದೀರಿ ಎಂದು ಹೊರಡುವ ಮುನ್ನ ಕೇಳಿದೆ. ಕನಿಕಾಳ ಕುಣಿತ ಎನ್ನುತ್ತಾರೆಂದುಕೊಂಡು ಬರೆದುಕೊಳ್ಳಲು ಪೆನ್ನನ್ನೂ ತೆಗೆದಿದ್ದೆ.

“ನಿಮೋಲ್ ಹಾಕಿದ ಹೊಲಿಗೆ” ಎಂದರು ಸಮೂನ್ ದೊಡ್ಡಮ್ಮ. ಆಮೇಲೆ ಹುಡುಗಿಯರಿಗೆ ಕೇಳಿಸದ ಹಾಗೆ ನನ್ನ ಕಿವಿಯ ಹತ್ತಿರ ಬಗ್ಗಿದರು. “ಒಂಚೂರು ಸೊಟ್ಟ ಇರ್ಲಿ ಅಂತ ಗುರುಗಳ ಹತ್ರ ಬೇಡ್ಕೊಂಡಿದೀನಪ್ಪಾ. ಎಲ್ಲಾ ನೆಟ್ಟಗೇ ಇದ್ರೆ, ನಾನು ವಾಪಸ್ ಯಾಕೆ ಬರ್ಲಿ?”