ಹತ್ತು ನಿಮಿಷ ಮುಂದಿದ್ದ ಸರ್ವರ್

ಮದ್ದೂರಿನ ಹತ್ತಿರದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ನಾನು ಕಂಪ್ಯೂಟರು ನೋಡಿಕೊಳ್ಳುತ್ತೇನೆ. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೂ ನನ್ನನ್ನೇ ಕರೆಯುತ್ತಾರೆ, ಫ್ಯಾನು ತಿರುಗದಿದ್ದರೂ ನನ್ನನ್ನೇ ಕರೆಯುತ್ತಾರೆ. ಅಲ್ಲಿ ಒಂದು ಹಳೆಯ ಲಿನಕ್ಸ್ ಸರ್ವರ್ ಇದೆ. ಪುಕ್ಕಟೆ ಸಿಗುವ, ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ ಸಾಫ್ಟ್‌ವೇರು ಅದು. ಹಾಗಂತ ನಮ್ಮಲ್ಲಿ ಯಾರೂ ಬಿಚ್ಚಿ ನೋಡಿರಲಿಲ್ಲ. ಕೆಲಸದವರ ಹಾಜರಿ ಹಿಡಿಯುವುದು, ಸಂಜೆ ಸೈರನ್ ಕೂಗಿಸುವುದು, ಎರಡೂ ಅದರ ಕೆಲಸ.

ಕಾರ್ಖಾನೆಯನ್ನು ದೊಡ್ಡ ಕಂಪನಿಯೊಂದು ಕೊಂಡುಕೊಂಡಿತು. ಇನ್ನು ಮೇಲೆ ಎಲ್ಲರ ಲಾಗಿನ್ನೂ ಬೆಂಗಳೂರಿನ ಹೆಡ್ ಆಫೀಸಿನ ಒಂದೇ ಡೈರೆಕ್ಟರಿಯಲ್ಲಿ ಇರಬೇಕು, ಯಾರನ್ನು ಒಳಗೆ ಬಿಡಬೇಕು ಎಂಬುದನ್ನು ನಮ್ಮ ಸರ್ವರ್ ಅದನ್ನೇ ಕೇಳಬೇಕು ಎಂದು ಮೇಲ್ ಬಂತು. ಹೊಸ ಸೊಸೆ ಉಪ್ಪಿನ ಡಬ್ಬಿ ಮುಟ್ಟುವುದಕ್ಕೂ ಅತ್ತೆಯನ್ನು ಕೇಳುವ ಹಾಗೆ.

ವಾರವೆಲ್ಲ ಜೋಡಿಸಲು ಹೆಣಗಿದೆ, ಸೇರಲಿಲ್ಲ. ಪಾಸ್‌ವರ್ಡ್ ಸರಿ ಇತ್ತು, ಕೇಬಲ್ಲೂ ಸರಿ ಇತ್ತು. ಎರಡು ಕಡೆಯ ಸಮಯ ಹೊಂದುತ್ತಿಲ್ಲ ಎಂದು ಮಾತ್ರ ಪರದೆಯ ಮೇಲೆ ಬರುತ್ತಿತ್ತು. ಸರ್ವರಿನ ಸಮಯ ನೋಡಿದೆ, ಗೋಡೆಯ ಗಡಿಯಾರಕ್ಕೆ ಸರಿಹೋಗುತ್ತಿತ್ತು. ಗೋಡೆಯ ಗಡಿಯಾರ ನನ್ನ ವಾಚಿಗೆ ಸರಿಹೋಗುತ್ತಿತ್ತು. ತಪ್ಪು ಹೆಡ್ ಆಫೀಸಿನದೇ ಎಂದು ತೀರ್ಮಾನಿಸಿ ಫೋನು ಮಾಡಿದೆ.

ಅಲ್ಲಿಯ ಇಂಜಿನಿಯರು, "ಈಗ ನಿಮ್ಮಲ್ಲಿ ಟೈಮ್ ಎಷ್ಟು ಸರ್?" ಎಂದು ಕೇಳಿದರು. ಹೇಳಿದೆ.

"ನಮ್ಮಲ್ಲಿ ಇನ್ನೂ ಅಷ್ಟಾಗಿಲ್ಲ. ಬೆಂಗಳೂರಿಗೂ ಮಂಡ್ಯಕ್ಕೂ ಟೈಮ್ ಬೇರೆ ಬೇರೆನಾ?" ಎಂದರು.

ಬೇರೆಯೇ. ನಮ್ಮ ಮನೆಗಳಲ್ಲಿ ಗಡಿಯಾರವನ್ನು ಹತ್ತು ನಿಮಿಷ ಮುಂದಕ್ಕೆ ಇಡುತ್ತಾರೆ, ಬಸ್ಸು ತಪ್ಪಬಾರದೆಂದು. ನಮ್ಮಪ್ಪ ಇಟ್ಟರು, ಅವರನ್ನು ನೋಡಿ ನಾನೂ ನನ್ನ ವಾಚನ್ನು ಹಾಗೇ ಇಟ್ಟೆ. ನನಗಿಂತ ಮುಂಚೆ ಈ ಕೆಲಸದಲ್ಲಿದ್ದ ಕೊತ್ತತ್ತಿ ಊರಿನವರು ಕಾರ್ಖಾನೆಯ ಗೋಡೆ ಗಡಿಯಾರಕ್ಕೂ ಸರ್ವರಿಗೂ ಹಾಗೇ ಇಟ್ಟು ಹೋಗಿದ್ದರು. ಫೋನಿನಲ್ಲಿ ಸರಿಯಾದ ಸಮಯವೇ ಇರುತ್ತಿತ್ತು. ಫೋನು ಹಿಂದಿದೆ ಎಂದುಕೊಂಡು, ಎಷ್ಟೋ ವರ್ಷದಿಂದ ನಾನೇ ಮನಸ್ಸಿನಲ್ಲಿ ಹತ್ತು ಸೇರಿಸಿ ಓದುತ್ತಿದ್ದೆ. ಡೈರೆಕ್ಟರಿಗೆ ಈ ಪದ್ಧತಿ ಗೊತ್ತಿಲ್ಲ. ಸಮಯ ಅಷ್ಟು ವ್ಯತ್ಯಾಸವಾದರೆ ಕಳ್ಳ ಬಂದ ಎಂದು ಬಾಗಿಲು ಹಾಕಿಕೊಳ್ಳುತ್ತದೆ.

ಸರ್ವರಿನ ಸಮಯ ಸರಿಪಡಿಸುವುದು ಒಂದು ಸಾಲು ಟೈಪ್ ಮಾಡುವಷ್ಟು ಕೆಲಸ. ಆದರೆ ಕೀಬೋರ್ಡಿನ ಮೇಲೆ ಬೆರಳು ಇಡುವ ಮುಂಚೆ ಕಾಲರ್ ಹೊಲಿಯುವ ಸಾಲಿನಲ್ಲಿ ಕೂರುವ ಇಲ್ಲೇ ಹತ್ತಿರದ ಕೊಪ್ಪದ ಅಕ್ಕ ನೆನಪಾದರು. ಸೈರನ್ ಆದದ್ದೇ ಅವರು ಓಡಿಹೋಗಿ ಗೇಟಿನ ಮುಂದೆ ಬರುವ ಕೊಪ್ಪದ ಬಸ್ಸು ಹತ್ತುತ್ತಿದ್ದರು. ಮನೆಯಲ್ಲಿ ಒಂದು ಸೀಮೆಹಸು. ಗಂಡ, ಅತ್ತೆ, ಯಾರು ಕೆಚ್ಚಲಿಗೆ ಕೈ ಹಾಕಿದರೂ ಒದೆಯುತ್ತಿತ್ತು, ಅಕ್ಕನೇ ಹೋಗಿ ಹಾಲು ಕರೆಯಬೇಕು. ಆ ಬಸ್ಸು ಸಿಕ್ಕಿದರೆ ಡೈರಿಗೆ ಹಾಲು ಹಾಕಬಹುದು, ಮುಂದಿನದಕ್ಕೆ ಹೋದರೆ ಡೈರಿ ಬಾಗಿಲು ಹಾಕಿರುತ್ತದೆ. ಬಸ್ಸು ಸರಿಯಾದ ಸಮಯಕ್ಕೇ ಬರುವಂಥದ್ದು. ನಮ್ಮ ಗಡಿಯಾರ ಮುಂದಿದ್ದುದರಿಂದ ಅವರಿಗೆ ಅದು ಸಿಗುತ್ತಿತ್ತು. ಎಲ್ಲರೂ ಬೆಳಿಗ್ಗೆ ಹತ್ತು ನಿಮಿಷ ಮುಂಚೆ ಬಂದು ಸಂಜೆ ಹತ್ತು ನಿಮಿಷ ಮುಂಚೆ ಹೋಗುತ್ತಿದ್ದರು, ಯಾರಪ್ಪನ ಗಂಟೂ ಹೋಗುತ್ತಿರಲಿಲ್ಲ.

ಅಕ್ಕನಿಗೆ ವಿಷಯ ಹೇಳಿದೆ.

"ಅವ್ರೇ ಮುಂದುಕ್ಕೆ ಇಟ್ಕಳ್ಳಿ ಬುಡಪ್ಪ. ನೀನ್ಯಾಕೆ ಹಿಂದುಕ್ಕೆ ತಿರುಗಿಸ್ಬೇಕು?" ಎಂದರು.

ತಾಂತ್ರಿಕವಾಗಿ ಅದರಲ್ಲಿ ಏನೂ ತಪ್ಪಿರಲಿಲ್ಲ. ಆದರೆ ಹೆಡ್ ಆಫೀಸಿಗೆ ಹಾಗೆ ಬರೆಯುವ ಧೈರ್ಯ ನನಗಿರಲಿಲ್ಲ. ಬೆಳಗಿನ ಕೆಲಸವನ್ನೇ ಹತ್ತು ನಿಮಿಷ ಮುಂಚೆ ಶುರು ಮಾಡಿ ಸಂಜೆ ಮುಂಚೆ ಬಿಡಬಹುದೇ ಎಂದು ಕೇಳಿದೆ. ಹೆಡ್ ಆಫೀಸಿನ ಇಂಜಿನಿಯರು, ಅದು ಐಟಿಗೆ ಬರುವುದಿಲ್ಲ, ಎಚ್‌ಆರ್‌ನವರಿಗೆ ಬರೆಯಿರಿ ಎಂದರು. ಎಚ್‌ಆರ್‌ನವರು, ನಿಮ್ಮ ಕಾರ್ಖಾನೆಯ ಐಟಿಯವರನ್ನು ಕೇಳಿ ಎಂದರು. ನಮ್ಮ ಕಾರ್ಖಾನೆಯ ಐಟಿಯವನು ನಾನೇ. ಕೇಳಿಕೊಂಡೆ, ನನಗೆ ಆ ಅಧಿಕಾರವಿರಲಿಲ್ಲ. ಸೈರನ್ ಒಂದನ್ನು ಬೇಗ ಕೂಗಿಸಬಹುದಿತ್ತು. ಆದರೆ ಹಾಜರಿ ಇನ್ನು ನೇರವಾಗಿ ಹೆಡ್ ಆಫೀಸಿಗೇ ಹೋಗುತ್ತದೆ, ಬೇಗ ಹೊರಟವರಿಗೆ ಅರ್ಧ ದಿನ ರಜೆ ಬೀಳುತ್ತದೆ.

ಸಮಯ ಸರಿಪಡಿಸಿದೆ. ಸರ್ವರ್ ಒಂದೇ ಸಲಕ್ಕೆ ಸೇರಿಕೊಂಡಿತು. ಹೆಡ್ ಆಫೀಸಿನಿಂದ ಮೇಲೆತ್ತಿದ ಹೆಬ್ಬೆರಳಿನ ಚಿತ್ರ ಬಂತು.

ಮಿಕ್ಕವರಿಗೆ ಬೇರೆ ಬೇರೆ ಬಸ್ಸುಗಳಿದ್ದವು. ಅಕ್ಕ ಮಾತ್ರ ಡ್ರೈವರನ್ನು ಬೇಡಿಕೊಂಡರು. ಅವನು ಕೆಲವು ದಿನ ಹಾರ್ನ್ ಹೊಡೆಯುತ್ತಾ ಗೇಟಿನ ಮುಂದೆ ಕಾದ. ಒಳಗೆ ಕೂತವರು ಗೊಣಗಿದರು, ಅವರ ಮನೆಗಳಲ್ಲೂ ಹಸುಗಳಿದ್ದವು. "ನಿಂಗೊಬ್ಳಿಗೆ ಬಸ್ ನಿಲ್ಸಕಾಯ್ತದಾ, ನೀನೇ ಯೋಳಮ್ಮ" ಎಂದು ಕಂಡಕ್ಟರು ಅಂದ ಮೇಲೆ ಅಕ್ಕ ಕೇಳುವುದನ್ನು ಬಿಟ್ಟರು.

ತಿಂಗಳು ಕಳೆದಿರಬೇಕು. ಊಟದ ಹೊತ್ತಿನಲ್ಲಿ ಅಕ್ಕ ಕೈ ತೊಳೆಯುತ್ತಾ, "ಹಸ ಕೊಟ್‌ಬುಟ್ಟೆ ಕಣಪ್ಪ. ಮಳವಳ್ಳಿ ಕಡೆಯೋರು ಬಂದು ಹೊಡ್ಕೊಂಡೋದ್ರು" ಎಂದರು. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಅವರು ಬೈಯಲಿಲ್ಲ, ನನ್ನ ಸಂಕಟ ನನ್ನಲ್ಲೇ ಉಳಿಯಿತು.

ಅವತ್ತು ಸಂಜೆ ಸೈರನ್ ಆಯಿತು, ಎಲ್ಲರೂ ಹೋದರು. ಅಕ್ಕ ಮೆಷಿನ್ನಿಗೆ ಕವರು ಹಾಕಿ ಅಲ್ಲೇ ಕೂತಿದ್ದರು. ಮುಂದಿನ ಬಸ್ಸಿನ ಹೊತ್ತೂ ಆಗುತ್ತಾ ಬಂದಿತ್ತು.

"ಅಕ್ಕ, ಇದೂ ತಪ್ಪೋಗುತ್ತೆ" ಎಂದೆ.

"ತಪ್ಪೋದ್ರೆ ಓಯ್ತದೆ ಬುಡು" ಎಂದರು. "ಬಿರ್ರನೆ ಓಗಿ ಏನ್ ಮಾಡ್ಲಿ?"