ಮನೆಯವರೊಬ್ಬರ ಸಹಿ

ಎರಡು ಸಾವಿರದ ಐದಾರರ ಹೊತ್ತಿಗೆ ನಾನು ಜಯನಗರದ ಒಂದು ಧರ್ಮಾರ್ಥ ಕ್ಲಿನಿಕ್ಕಿನಲ್ಲಿ ಎಚ್‌ಐವಿ ರೋಗಿಗಳಿಗೆ ಆಪ್ತಸಮಾಲೋಚಕಿಯಾಗಿದ್ದೆ. ಮಾತ್ರೆ ಆಗಷ್ಟೇ ಉಚಿತವಾಗಿ ಸಿಗತೊಡಗಿತ್ತು. ಆದರೆ ನಮ್ಮಲ್ಲೊಂದು ಪದ್ಧತಿ: ರೋಗಿ ತನ್ನ ಕಾಯಿಲೆಯನ್ನು ಮನೆಯವರೊಬ್ಬರಿಗೆ ತಿಳಿಸಿ ಕರೆತರಬೇಕು, ಅವರು ಸಹಿ ಹಾಕಬೇಕು, ಮಾತ್ರೆಯ ಡಬ್ಬಿ ಅವರ ಕೈಯಲ್ಲೇ ಇರಬೇಕು. ರೋಗಿ ಒಂಟಿಯಾಗಬಾರದು ಎಂಬ ಕಾಳಜಿಯಂತೆ. ನಾನದನ್ನು ಗಿಣಿಪಾಠದಂತೆ ಒಪ್ಪಿಸುತ್ತಿದ್ದೆ.

ಹನುಮಂತನಗರದಿಂದ ಒಬ್ಬ ವಿಧವೆ ಬರುತ್ತಿದ್ದಳು. ಅಣ್ಣನ ಮನೆಯಲ್ಲಿದ್ದುಕೊಂಡು ಎರಡು ಮನೆಗಳಲ್ಲಿ ಅಡುಗೆ ಮಾಡುತ್ತಿದ್ದಳು. ಗಂಡ ಬಿಟ್ಟುಹೋದ ಆಸ್ತಿಯೆಂದರೆ ಈ ಕಾಯಿಲೆಯೊಂದೇ. "ಯಾರಿಗೂ ಹೇಳಕ್ಕಾಗಲ್ಲ ಮೇಡಂ, ಹಂಗೇ ಕೊಡಿ" ಎಂದು ಮೂರು ಸಲ ಬೇಡಿಕೊಂಡಳು. ಮೂರು ಸಲವೂ ವಾಪಸ್ ಕಳಿಸಿದೆ. ನಾಲ್ಕನೆಯ ಸಲ ಅತ್ತಿಗೆಯನ್ನು ಕರೆತಂದಳು. ಅತ್ತಿಗೆ ನಾದಿನಿಯ ಕೈ ಹಿಡಿದು ಅತ್ತಳು, ಸಹಿ ಹಾಕಿದಳು, ಡಬ್ಬಿ ತೆಗೆದುಕೊಂಡಳು. ನನಗೋ ಹೆಮ್ಮೆಯೋ ಹೆಮ್ಮೆ. ಅಂದು ಕ್ಲಿನಿಕ್ಕಿನ ಎಲ್ಲರಿಗೂ ನಾನೇ ಕಾಫಿ ಕೊಡಿಸಿದೆ.

ಮುಂದಿನ ತಿಂಗಳು ಇಬ್ಬರೂ ಬರಲಿಲ್ಲ. ಅದರ ಮುಂದಿನ ತಿಂಗಳು ಅವಳೊಬ್ಬಳೇ ಬಂದಳು, ಅರ್ಧಕ್ಕರ್ಧ ಇಳಿದುಹೋಗಿದ್ದಳು. ಮಾತ್ರೆ ತಪ್ಪಿಸಿದ್ದಕ್ಕೆ ನಾನು ಮೊದಲು ಚೆನ್ನಾಗಿ ಬೈದೆ. ಮುಗಿಯುವವರೆಗೂ ಕಾದು ಹೇಳಿದಳು.

"ಡಬ್ಬಿ ಅತ್ತಿಗೆ ಬೀರುನಲ್ಲಿದೆ, ಬೀಗ ಹಾಕವ್ಳೆ. ಕೆಲಸದ ಮನೆಗಳಿಗೂ ಹೇಳ್ಬಿಟ್ಲು, ಬರಬೇಡ ಅಂದ್ರು. ಮಾತ್ರೆ ಕೇಳಿದ್ರೆ, ನುಂಗಿ ಇನ್ನೆಷ್ಟು ವರ್ಷ ಇಲ್ಲೇ ಬಿದ್ದಿರ್ತೀಯಾ ಅಂತಾಳೆ."

"ಹಾಗಿದ್ರೆ ಬೇರೆ ಯಾರನ್ನಾದ್ರೂ ಕರ್ಕೊಂಡು ಬಾಮ್ಮ" ಎಂದೆ.

"ಇನ್ಯಾರಿದಾರೆ? ನೀವೇ ಸಹಿ ಹಾಕಿ ಮೇಡಂ. ದಿನಾ ನಡ್ಕೊಂಡು ಬಂದು ನಿಮ್ಮೆದುರಿಗೇ ನುಂಗಿ ಹೋಗ್ತೀನಿ."

"ಸ್ಟಾಫ್ ಹಾಕೋ ಹಾಗಿಲ್ಲಮ್ಮ."

ಸುಳ್ಳು. ಮನೆಯವರೇ ಎಂಬುದು ಬರೀ ರೂಢಿ, ಸ್ಟಾಫ್ ಹಾಕಬಾರದೆಂಬ ನಿಯಮ ಎಲ್ಲೂ ಇರಲಿಲ್ಲ. ಅವಳಿಗಿಂತ ಮೊದಲು ಯಾರೂ ಕೇಳಿರಲಿಲ್ಲ, ಅಷ್ಟೇ. ಒಬ್ಬಳಿಗೆ ಹಾಕಿದರೆ ನಾಳೆ ಹತ್ತು ಜನ ನನ್ನ ಕೊರಳಿಗೆ ಬೀಳುತ್ತಾರೆ ಎಂದು ಹೆದರಿದೆ. ಅವಳು "ಬರ್ತೀನಿ ಮೇಡಂ" ಎಂದು ಎದ್ದಳು. ನಾನು ಮುಂದಿನವರನ್ನು ಕೂಗಿದೆ.

ನಾಲ್ಕು ತಿಂಗಳಾದ ಮೇಲೆ ಅತ್ತಿಗೆ ಬಂದಳು. ನಾದಿನಿ ತೀರಿಕೊಂಡಳು, ರೇಷನ್ ಕಾರ್ಡಿನಿಂದ ಹೆಸರು ತೆಗೆಸಬೇಕು, ಯಾವ ಕಾಗದ ಬೇಕು ಎಂದು ಕೇಳಿದಳು. ಕೊಂದವರಿಬ್ಬರೂ ಒಂದೇ ಮೇಜಿಗೆ ಎದುರುಬದುರು ಕೂತಿದ್ದೆವು. ಅವಳು ಈ ಸಲವೂ ಚೆನ್ನಾಗಿ ಅತ್ತಳು. ನಾನು ನೀರು ಕೊಟ್ಟು ಸಮಾಧಾನ ಮಾಡಿದೆ. ನನಗೆ ಸಂಬಳ ಬರುತ್ತಿದ್ದುದೇ ಅದಕ್ಕೆ.