ಚೀನಾದ ಪರೀಕ್ಷೆಗೆ ಕೂತ ನನ್ನ ಗಂಡ

ನನ್ನ ಗಂಡ ನಂಜುಂಡಸ್ವಾಮಿಗೆ ತಲೆ ಕೆಟ್ಟಿದೆಯೆಂದು ಗಡಿಯಾಚೆ ತಮಿಳುನಾಡಿಗೆ ಸೇರಿದ ನಮ್ಮ ದೊಡ್ಡಗಾಜನೂರೆಲ್ಲ ಆಡಿಕೊಂಡದ್ದು ಎರಡು ಸಾವಿರದ ಎಂಟರಲ್ಲಿ. ನಾನೂ ಹಾಗೇ ಅಂದುಕೊಂಡೆ, ಸುಳ್ಳು ಯಾಕೆ ಹೇಳಲಿ? ವಿ.ಎ.ಓ., ಅಂದರೆ ಸರ್ಕಾರದ ಗ್ರಾಮ ಲೆಕ್ಕಿಗ, ಆಗಿ ಊರವರ ಜಮೀನಿನ ಪಟ್ಟಾ ಕೆಲಸ ಮಾಡಿಕೊಡಬೇಕೆಂಬುದು ಇವರ ಆಸೆ. ನಾಲ್ಕು ಸಲ ಪರೀಕ್ಷೆ ಬರೆದು ನಾಲ್ಕು ಸಲವೂ ಮಕಾಡೆ ಬಿದ್ದಿದ್ದರು. ಐದನೆಯದೇ ಕಡೆಯದು, ಆಮೇಲೆ ವಯಸ್ಸು ಮೀರುತ್ತಿತ್ತು.

ಕನ್ನಡ ಶಾಲೆಯಲ್ಲಿ ಓದಿದವರಿಗೆ ತಮಿಳು ಪುಸ್ತಕ ತಲೆಗೆ ಹತ್ತಲಿಲ್ಲ. ಚಾಮರಾಜನಗರದಿಂದ ಕನ್ನಡದ ಗೈಡ್ ತಂದರು. ಅದರಲ್ಲಿ ಚೀನಾದ ರಾಜರ ಕಾಲದ ಪರೀಕ್ಷೆಯ ಬಗ್ಗೆ ಒಂದು ಪುಟ. ಒಬ್ಬೊಬ್ಬರಿಗೂ ಗೂಡಿನಂಥ ಒಂದು ಕೋಣೆ, ಎರಡು ಹಲಗೆ. ಹಗಲು ಅದೇ ಮೇಜು, ರಾತ್ರಿ ಅದೇ ಮಂಚ. ಮುಗಿಯುವವರೆಗೆ ಹೊರಗೆ ಕಾಲಿಡುವಂತಿಲ್ಲ. ಎಪ್ಪತ್ತು ತುಂಬಿದ ಮುದುಕರೂ ಬರೆಯುತ್ತಿದ್ದರಂತೆ.

"ಅಲ್ಲಿ ವಯಸ್ಸಿನ ಕಾಟಾನೇ ಇಲ್ಲ ಕಣಮ್ಮಿ!" ಎಂದು ಹಿಗ್ಗಿ ಹೇಳಿದರು. ಮಾರನೆಯ ದಿನ ರಾಗಿ ಕೋಣೆಗೆ ಎರಡು ಹಲಗೆ ಹೊತ್ತುಕೊಂಡು ಹೋಗಿ ಬಾಗಿಲು ಹಾಕಿಕೊಂಡರು. ಮೂರು ದಿನ! ಮುದ್ದೆ, ಸಾರು ಎಲ್ಲ ಕಿಟಕಿಯಲ್ಲೇ ಕೊಟ್ಟೆ. ಅತ್ತೆ ಶಿವನಂಜಮ್ಮ ಬಾಗಿಲು ಬಡಿದು, "ಒಲ ಉಳೋ ಕಾಲ, ಎದ್ದು ಬಾರ್ಲಾ," ಎಂದರೆ ಒಳಗಿಂದ ಇವರು, "ಚೀನಾದಾಗೆ ಅವ್ವ ಬಂದು ಕರೆಯಂಗಿಲ್ಲ ಕಣವ್ವ!" ಎಂದರು. ನಗಬೇಕೋ ಅಳಬೇಕೋ ನನಗೆ ತಿಳಿಯಲಿಲ್ಲ.

ದಿಂಬಂ ಘಾಟಿ ಇಳಿದು ಸತ್ಯಮಂಗಲದಲ್ಲಿ ಐದನೆಯ ಪರೀಕ್ಷೆ ಬರೆದು ಬಂದರು. ಬಂದವರು ಕಾಲೂ ತೊಳೆಯದೆ ಜಗಲಿಯಲ್ಲಿ ಕೂತುಬಿಟ್ಟರು.

"ಒಂದ್ರಲ್ಲಿ ಸಿಕ್ಕಾಕ್ಕಂಡೆ ಕಣಮ್ಮಿ. ನಮ್ಮ ರಾಜ್ಯದ ಅಕ್ಕಿ ಯಾವ್ದು, ಗುಬ್ಬಿ ನವಿಲು ಥರದ್ದು, ಅಂತ ಕೇಳಿದ್ರು. ನೀಲಕಂಠಾನೂ ಇತ್ತು, ಮರಕತ ಪಾರಿವಾಳಾನೂ ಇತ್ತು. ಗೈಡ್ನಾಗೆ ಓದಿದ್ದ ನೀಲಕಂಠಕ್ಕೆ ಗುರ್ತು ಆಕ್ಬುಟ್ಟೆ."

ಗೈಡು ಕರ್ನಾಟಕದ್ದು, ನೀಲಕಂಠ ಅಲ್ಲಿಯ ಹಕ್ಕಿ; ತಮಿಳುನಾಡಿನದು ಮರಕತ ಪಾರಿವಾಳ. ಫಲಿತಾಂಶ ಬಂದಾಗ ಕಮ್ಮಿಯಾದದ್ದು ಸರಿಯಾಗಿ ಒಂದೇ ಪ್ರಶ್ನೆಯ ಅಂಕ.

"ತಮಿಳ್ನಾಡಲ್ಲಿ ಉಟ್ಟಿ ಬೆಳೆದು ಅಷ್ಟೂ ಗೊತ್ತಿಲ್ವಾ? ಮೂರು ದಿನ ಒಳಗೆ ಕೂತು ರಾಗಿ ಎಣಿಸ್ತಿದ್ರಾ?" ಎಂದು ಬಾಯಿಗೆ ಬಂದಂತೆ ಬೈದೆ.

"ಗೊತ್ತಿತ್ತು ಕಣಮ್ಮಿ. ಎರಡೂ ಗೊತ್ತಿತ್ತು," ಎಂದರು. "ನಮ್ಮದು ಯಾವ್ದು ಅಂದಾಗ ಕೈ ಓಡ್ನಿಲ್ಲ. ನೀನಾಗಿದ್ರೆ ಯಾವ್ದಕ್ಕೆ ಆಕ್ತಿದ್ದೆ?"

ಥಟ್ಟನೆ ಹೇಳಲು ಬಾಯಿ ತೆರೆದೆ. ನಾನೂ ಇದೇ ಊರಿನ ಕನ್ನಡ ಶಾಲೆಯವಳು. ನಾಲಿಗೆಗೆ ಮೊದಲು ಬಂದದ್ದು ನೀಲಕಂಠವೇ, ಅಳು ಬಂತು.